ನಾನೂರಾ ಹದಿನೇಳನೆಯ ವರ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಹಳಿಯಾಳದ ಮಂಗಲಸೇತು ವಧು-ವರ ಮಾಹಿತಿ ಕೇಂದ್ರದ ಆರುನೂರಾ ಹನ್ನೆರಡು ವಧು-ವರರು ಮತ್ತೊಮ್ಮೆ ಒಬ್ಬರ ಮೈಮೇಲೊಬ್ಬರು ಬಿದ್ದರು.

ಬಿದ್ದದ್ದು ಕಂಪ್ಯೂಟರಿನ ಫೈಲಿನೊಳಗೆ. ಹೊರಗೆ ಎಲ್ಲವೂ ಶಾಂತವಾಗಿತ್ತು. ಫ್ಯಾನು ತಿರುಗುತ್ತಿತ್ತು, ಕೆಳಗಿನ ಹಿಟ್ಟಿನ ಗಿರಣಿ ಗುಡುಗುತ್ತಿತ್ತು, ಮಾಲವ್ವ ಕೆಟಲಿನಲ್ಲಿ ಚಹಾ ಕುದಿಸುತ್ತಿದ್ದಳು. ರುದ್ರೇಶ ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಅವನೆದುರಿನ ಪರದೆಯಲ್ಲಿ ಜೋಯಿಡಾ ಕಡೆಯ ಒಬ್ಬ ವಧುವಿನ ಎತ್ತರ ಇಪ್ಪತ್ತಾರು ಅಡಿ, ವಯಸ್ಸು ಐದೂಕಾಲು ವರ್ಷ ಎಂದು ತೋರಿಸುತ್ತಿತ್ತು.

“ಮತ್ತ ಕೆಡ್ತೇನೋ ತಮ್ಮಾ?” ಒಳಕೋಣೆಯಿಂದ ನೀರಿನ ತಂಬಿಗೆ ಹಿಡಿದು ಬಂದ ನೀಲಕ್ಕ ಕೇಳಿದಳು.

“ಕೆಡ್ತು ನೀಲಕ್ಕಾ.”

“ಕಾಗದದ ರಿಜಿಸ್ಟರ್ ಇಪ್ಪತ್ತೆರಡು ವರ್ಷದಾಗ ಒಂದು ದಿನಾನೂ ಕೆಟ್ಟಿರಲಿಲ್ಲ ನೋಡು,” ಎಂದು ನೀಲಕ್ಕ ತನ್ನ ಕುರ್ಚಿಯಲ್ಲಿ ಕುಳಿತು, ಗಟಗಟ ನೀರು ಕುಡಿದಳು.

ಮೂರು ತಾಲೂಕಿನ ಮದುವೆ ವಯಸ್ಸಿನವರ ಹೆಸರು, ಅವರ ಮನೆತನ, ಆ ಮನೆತನದಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ನೀಲಕ್ಕನ ಬಾಯಲ್ಲಿತ್ತು. ಆದರೂ ಕಾಲ ಬದಲಾಗಿದೆ ಎಂದು ಎಂಟು ತಿಂಗಳ ಹಿಂದೆ ಕೇಂದ್ರದವರು ಒಂದು ಸರ್ವರ್ ತರಿಸಿದ್ದರು. ಸರ್ವರ್ ಎಂದರೆ ಒಳಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತ ದೊಡ್ಡದೊಂದು ಕಪ್ಪು ಡಬ್ಬಿ. ಎಲ್ಲರ ವಿವರವೂ ಅದರಲ್ಲಿನ ಒಂದೇ ಫೈಲಿನಲ್ಲಿ. ಹೊರಗಿನ ಮೂರು ಕಂಪ್ಯೂಟರುಗಳು ತಂತಿಯ ಮೂಲಕ ಅದೇ ಫೈಲನ್ನು ತೆರೆದು ಬರೆಯುತ್ತವೆ. ಬರೆಯುತ್ತಿರುವಾಗ ಡಬ್ಬಿ ತಟ್ಟನೆ ಸತ್ತು ಮತ್ತೆ ಬದುಕಿದರೆ ಫೈಲು ಕೆಡುತ್ತದೆ. ದುರಸ್ತಿ ಮಾಡಲು ಒಂದು ಉಪಾಯವಿತ್ತು. ಅದರಿಂದ ಫೈಲೇನೋ ತೆರೆಯುತ್ತಿತ್ತು, ಆದರೆ ಹರಿದ ಪುಸ್ತಕವನ್ನು ಕಣ್ಣು ಕಟ್ಟಿಕೊಂಡು ಹೊಲಿದ ಹಾಗೆ, ಒಬ್ಬರ ವಿವರ ಒಂದು ಸಾಲು ಜಾರಿ ಇನ್ನೊಬ್ಬರಿಗೆ ಅಂಟಿಕೊಂಡುಬಿಡುತ್ತಿತ್ತು. ಅತ್ತಿವೇರಿಯ ನಿವೃತ್ತ ಕಂಡಕ್ಟರೊಬ್ಬರು ಮಗನಿಗೆ ಕನ್ಯೆ ಬೇಕೆಂದು ಹೆಸರು ಹಚ್ಚಿದ್ದರು. ಹೋದ ತಿಂಗಳು ಮೂರು ಮನೆಯವರು ಹೋಗಿ ಕಂಡಕ್ಟರನ್ನೇ ವರ ಎಂದು ನೋಡಿ ಬಂದಿದ್ದರು. ಆತನ ಹೆಂಡತಿ ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ಬೈಯುತ್ತಿದ್ದಳು. ಬೈಗುಳ ಸ್ವೀಕರಿಸುವುದೂ ರುದ್ರೇಶನ ಕೆಲಸವೇ.

ರುದ್ರೇಶನಿಗೆ ಮೂವತ್ತಾರು ವರ್ಷ. ಹಗಲು ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದು, ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತವನು. ಸಂಜೆ ಕಲಿತ ವಿದ್ಯೆ ಹಗಲಿಗೆ ಸಾಲುತ್ತದೋ ಇಲ್ಲವೋ ಎಂಬ ಅನುಮಾನ ಅವನನ್ನು ಬಿಟ್ಟೇ ಇರಲಿಲ್ಲ. ಮನೆಗೆ ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಕೀಲಿ ಜಗ್ಗಿ ನೋಡುವ ಪೈಕಿ. ಫೈಲು ಕೆಟ್ಟಾಗಲೆಲ್ಲ ವಾರ, ಹೊತ್ತು, ಆಗ ಯಾರು ಏನು ಮಾಡುತ್ತಿದ್ದರು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದ. ನೋಟುಬುಕ್ಕು ತುಂಬುತ್ತ ಬಂದಿತ್ತು, ಕಾರಣ ಸಿಕ್ಕಿರಲಿಲ್ಲ. ಒಂದು ಸೋಮವಾರ ಇಡೀ ದಿನ ಒಳಕೋಣೆಯಲ್ಲೇ ಸರ್ವರಿನ ಎದುರು ಕುಳಿತು ಕಾದಿದ್ದ. ಅಂದು ಅದು ಕೆಮ್ಮಲೂ ಇಲ್ಲ. ಯಾರಾದರೂ ನೋಡುತ್ತಿದ್ದರೆ ಅದಕ್ಕೆ ನಾಚಿಕೆ ಇರಬೇಕು ಎಂದು ಮಾಲವ್ವ ಹೇಳಿದ್ದಳು. ಸರ್ವರಿನ ಮೇಲೆ ನೀಲಕ್ಕ ಹೊದಿಸಿದ ಕೆಂಪು ಬಟ್ಟೆಯನ್ನು ನೋಡಿದರೆ ಆ ಮಾತನ್ನೂ ನಂಬಬಹುದಿತ್ತು.

ಇಂದು ಮಾತ್ರ ಕೆಡಬಾರದಿತ್ತು.

“ಏ ರುದ್ರ್ಯಾ.” ಮೆಟ್ಟಿಲಲ್ಲಿ ಅಧ್ಯಕ್ಷ ದ್ಯಾಮಪ್ಪ ಸಾವಕಾರರ ದನಿ ಮೊದಲು ಬಂತು, ಹಿಂದೆ ಅವರು ಬಂದರು. ಕೆಳಗಿನ ಗಿರಣಿ ಅವರದೇ ಆದ್ದರಿಂದ ಹುಬ್ಬು, ಮೀಸೆಗಳ ಮೇಲೆಲ್ಲ ಜೋಳದ ಹಿಟ್ಟು. “ಪಟ್ಟಿ ತಯಾರಾತೇನು?”

“ಆಗತೈತ್ರಿ ಸಾವಕಾರ್ರ. ಸ್ವಲ್ಪ ಫೈಲ್…”

“ಆ ಶಬ್ದಾ ನನ್ನ ಮುಂದ ಅನಬ್ಯಾಡ. ಐತವಾರ ಸಮಾವೇಶ. ನಾಕನೂರು ಮಂದಿ ಬರೋರದಾರ. ಇವತ್ತ ಸಂಜಿ ಐದಕ್ಕ ದಾಂಡೇಲಿ ಪ್ರೆಸ್ಸಿನವಾ ಪಟ್ಟಿ ಒಯ್ಯಾಕ ಬರ್ತಾನ. ಐದಕ್ಕ ಸರಿಯಾದ ಪಟ್ಟಿ ಅವನ ಕೈಯಾಗ ಇರ್ಲಿಲ್ಲಂದ್ರ, ಸೋಮವಾರದಿಂದ ನನ್ನ ತಂಗಿ ಮಗಾ ಈ ಕುರ್ಚಿ ಮ್ಯಾಲ ಕುಂಡ್ರತಾನ. ಹುಬ್ಬಳ್ಳ್ಯಾಗ ಕಲ್ತು ಬಂದಾನ ಅಂವಾ. ಹಗಲ ಹೊತ್ತಿನ್ಯಾಗ.”

ಕೊನೆಯ ಮಾತು ರುದ್ರೇಶನ ಎದೆಗೆ ಸರಿಯಾಗಿ ನಾಟಿತು.

ಕೆಲಸ ಹೋದರೆ ಕೆಲಸವೊಂದೇ ಹೋಗುತ್ತಿರಲಿಲ್ಲ. ಮಂಗಲಸೇತುವಿನ ನಾನೂರಾ ಹದಿನೇಳನೆಯ ವರ ಸ್ವತಃ ರುದ್ರೇಶ. ನಾಲ್ಕು ವರ್ಷ ಅವನ ನಂಬರಿಗೆ ಯಾವ ಕನ್ಯೆಯೂ ಹೊಂದಿರಲಿಲ್ಲ. ಮೂರು ವಾರದ ಹಿಂದೆ ಒಮ್ಮೆಲೇ ಕಂಪ್ಯೂಟರು ಮುಂಡಗೋಡದ ದ್ರಾಕ್ಷಾಯಣಿ ಎಂಬ ಹೊಲಿಗೆ ಶಿಕ್ಷಕಿಯ ಹೆಸರನ್ನು ಅವನ ಮುಂದೆ ತಂದು ನಿಲ್ಲಿಸಿತ್ತು. ಎಲ್ಲ ಗುಣ ಕೂಡಿವೆ ಎಂದು ನೀಲಕ್ಕ ಹೇಳಿದಳು, ಕಾಗದ ಒಯ್ದು ಹುಡುಗಿಯ ಮನೆಗೆ ಮುಟ್ಟಿಸಿದಳು. ತನ್ನ ಸಾಲನ್ನು ತಾನೇ ತೆರೆದು ನೋಡುವುದಕ್ಕೆ ರುದ್ರೇಶನಿಗೆ ನಾಚಿಕೆ. ನೋಡಲಿಲ್ಲ. ಇಂದು ಮಧ್ಯಾಹ್ನ ಹುಡುಗಿಯ ತಂದೆ ಅಡಿವೆಪ್ಪನವರು ಮಗಳನ್ನೂ ಕರೆದುಕೊಂಡು, ಹುಡುಗನನ್ನು ಕೆಲಸದ ಜಾಗದಲ್ಲೇ ನೋಡಲು ಬರುವವರಿದ್ದರು. ಕುರ್ಚಿಯಲ್ಲಿ ಕೂತ ಮನುಷ್ಯನನ್ನು ನೋಡಿದರೆ ಅವನ ನಿಜ ಗೊತ್ತಾಗುತ್ತದೆ ಎಂಬುದು ಅಡಿವೆಪ್ಪನವರ ಮತ.

ಕುರ್ಚಿಯೇ ಹೋಗುವುದರಲ್ಲಿತ್ತು.

ರುದ್ರೇಶ ದಾಂಡೇಲಿಯ ತುಳಸಿರಾಮನಿಗೆ ಫೋನ್ ಮಾಡಿದ. ತುಳಸಿರಾಮ ಹಾರ್ಡ್‌ವೇರ್ ರಿಪೇರಿಯವನು, ಯಾವ ರೋಗಕ್ಕೂ ಔಷಧ ಗೊತ್ತಿದ್ದವನು. ಎಂಟು ತಿಂಗಳಲ್ಲಿ ಸರ್ವರಿನ ತಂತಿ ಬದಲಿಸಿದ್ದ, ಡಿಸ್ಕ್ ಬದಲಿಸಿದ್ದ, ಕರೆಂಟು ಹೋದರೂ ಅರ್ಧ ತಾಸು ನಡೆಸುವ ದೊಡ್ಡ ಯುಪಿಎಸ್ ಕೂಡಿಸಿದ್ದ. ಮುಕ್ಕಾಲು ತಾಸಿನಲ್ಲಿ ಬೈಕಿನ ಮೇಲೆ ಬಂದಿಳಿದು, ಸರ್ವರಿನ ಮೈ ಮುಟ್ಟಿ ಜ್ವರ ನೋಡಿದ.

“ರುದ್ರೇಶಣ್ಣ, ಮಷೀನ್ ಗಟ್ಟಿ ಐತಿ. ಕರೆಂಟ್ ಯಾರೋ ಕುಡ್ಯಾಕತ್ತಾರ. ಶುಕ್ರವಾರ ಹತ್ತೂವರಿಗೆ ಏನ್ ನಡೀತೈತಿ ಇಲ್ಲಿ?”

ರುದ್ರೇಶ ನೋಟುಬುಕ್ಕು ತೆರೆದ. ಶುಕ್ರವಾರ ಹತ್ತೂವರೆ ಎಂದು ಹನ್ನೊಂದು ಕಡೆ ಇತ್ತು. ಹನ್ನೊಂದೂ ಕಡೆ ಪಕ್ಕದಲ್ಲಿ ‘ಮಾಲವ್ವ, ಚಹಾ’ ಎಂದು ಬರೆದಿತ್ತು. ಇಬ್ಬರೂ ತಲೆ ಎತ್ತಿ ಕೆಟಲಿನ ಕಡೆ ನೋಡಿದರು.

“ಮಾಲವ್ವಾ,” ರುದ್ರೇಶ ಆದಷ್ಟು ಮೆತ್ತಗೆ ಹೇಳಿದ, “ಇವತ್ತೊಂದ ದಿನ ಕೆಟಲ್ ಹಚ್ಚಬ್ಯಾಡ.”

ಮಾಲವ್ವ ಕೈಯಲ್ಲಿದ್ದ ಕಪ್ಪುಗಳನ್ನು ಕೆಳಗಿಟ್ಟಳು. “ನನ್ನ ಚಾದಿಂದ ನಿಮ್ಮ ಡಬ್ಬಿ ಕೆಡ್ತು ಅಂತೀರೇನ್ರಿ ರುದ್ರಪ್ಪಾರ?”

“ಹಂಗಲ್ಲ, ಕರೆಂಟ್…”

“ಬುಧವಾರ ಕೆಡ್ತಲ್ಲ, ಅವತ್ತ ನಾ ಬಂದಿದ್ದೇನೇನು? ನನ್ನ ಸೊಸಿ ಹೆರಿಗಿ ಆಗಿತ್ತು. ಅದನೂ ಬರಕೊಳ್ರಿ ನಿಮ್ಮ ಬುಕ್ಕಿನ್ಯಾಗ. ಇನ್ನ ಈ ಆಫೀಸಿಗೆ ಚಾ ಇಲ್ಲ. ಬೀಗರು ಬಂದ್ರ ನೀರ ಕುಡೀರಿ.”

ಅವಳು ಸೆರಗು ಕೊಡವಿ ಮೂಲೆಯಲ್ಲಿ ಕೂತುಬಿಟ್ಟಳು. ಬೀಗರು ಬರುವ ದಿನ ಚಹಾ ಬಂದಾಯಿತು.

“ಚಾ ಅಲ್ಲ ಅಂದ್ರ ಗಿರಣಿ,” ಎಂದ ತುಳಸಿರಾಮ, ಒಂದು ಕ್ಷಣವೂ ತಡೆಯದೆ. “ಗಿರಣಿ ಮೋಟಾರ್ ಚಾಲೂ ಆದಾಗ ಕರೆಂಟ್ ತಗ್ಗತೈತಿ. ಹತ್ತ ನಿಮಿಷ ಬಂದ್ ಮಾಡ್ಸು, ನಾ ನೋಡತೇನಿ.”

ಗಿರಣಿ ಬಂದು ಮಾಡಿಸುವುದೆಂದರೆ ಸಾವಕಾರರ ಬಾಯಿಗೆ ಕೈ ಅಡ್ಡ ಇಟ್ಟಂತೆ. ರುದ್ರೇಶ ಮೂರು ಸಲ ಮೆಟ್ಟಿಲಿಳಿದು ಎರಡು ಸಲ ಹತ್ತಿ ಬಂದ. ಮೂರನೆಯ ಸಲ ಹೇಳಿಯೇಬಿಟ್ಟ. ದ್ಯಾಮಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹತ್ತ ನಿಮಿಷ,” ಎಂದು ಮೋಟಾರ್ ಆರಿಸಿದರು.

ತುಳಸಿರಾಮನ ಹತ್ತು ನಿಮಿಷ ಐವತ್ತಾಯಿತು. ಗಿರಣಿಯ ಮುಂದೆ ಜೋಳದ ಡಬ್ಬಿ, ಗೋಧಿಯ ಡಬ್ಬಿಗಳ ಸಾಲು ಬೆಳೆಯಿತು. ಅಷ್ಟರಲ್ಲಿ ಸಕ್ಕುಬಾಯಿ ಎಂಬ ಗಟ್ಟಿ ಗಂಟಲಿನ ಹೆಂಗಸು ಸಾಲಿನ ಮುಖಂಡತ್ವ ವಹಿಸಿ ಮೇಲೆ ಬಂದಳು.

“ಯಾರಪ್ಪಾ ಗಿರಣಿ ನಿಲ್ಸಿದಾಂವ? ಮನ್ಯಾಗ ಮಂದಿ ರೊಟ್ಟಿ ದಾರಿ ಕಾಯಾಕತ್ತೇತಿ.”

“ಸ್ವಲ್ಪ ತಡೀರಿ ಅಕ್ಕಾರ, ವಧು-ವರರ ಫೈಲ್…”

“ಮೊದಲ ಮದಿವಿ ಆದವ್ರ ಹೊಟ್ಟಿ ನೋಡೋ ತಮ್ಮಾ. ಆಗದವ್ರು ಇಷ್ಟ ವರ್ಷ ತಡದಾರ, ಇನ್ನೊಂದ ತಾಸ ತಡೀತಾರ. ನಿನಗ ಮದಿವಿ ಆಗೇತೇನು?”

“ಇಲ್ರಿ.”

“ಅದಕ್ಕ ತಿಳೀವಲ್ದು.”

ಗಿರಣಿ ಮತ್ತೆ ಗುಡುಗಿತು. ಸರ್ವರಿಗೆ ಏನೂ ಆಗಲಿಲ್ಲ. ಮೋಟಾರನ್ನು ನಾಲ್ಕು ಸಲ ಆರಿಸಿ ಹಚ್ಚಿ ನೋಡಿದರೂ ಹಸಿರು ದೀಪ ಕಣ್ಣು ಮಿಟುಕಿಸಲಿಲ್ಲ. ತುಳಸಿರಾಮ ಗಲ್ಲ ಕೆರೆದುಕೊಂಡು, ಹಾಗಾದರೆ ಕಟ್ಟಡದ ಅರ್ಥಿಂಗೇ ಸರಿಯಿಲ್ಲ, ಭೂಮಿಯೇ ಕರೆಂಟನ್ನು ಒಪ್ಪುತ್ತಿಲ್ಲ ಎಂದು ತೀರ್ಪು ಕೊಟ್ಟ. ಉಪ್ಪು, ಇದ್ದಿಲು ಹಾಕಿ ಒಂದು ಕುಣಿ ತೋಡಬೇಕು. ತೋಡಿಯೂಬಿಟ್ಟ, ಗಿರಣಿಯ ಬಾಗಿಲ ಪಕ್ಕದಲ್ಲೇ. ಕುಣಿಗೆ ನೀರು ಹಾಕಿ ಬರುವಷ್ಟರಲ್ಲಿ, ಬೀಗರನ್ನು ಎದುರುಗೊಳ್ಳಲು ಹೊಸ ಧೋತರ ಉಟ್ಟು ಹೊರಬಂದ ದ್ಯಾಮಪ್ಪ ಸಾವಕಾರರ ಬಲಗಾಲು ಮೊಣಕಾಲಿನವರೆಗೆ ಅದರೊಳಗೆ ಹೋಯಿತು. ಮೇಲೆ ಹಿಟ್ಟಿನಿಂದ ಬಿಳಿ, ಕೆಳಗೆ ಇದ್ದಿಲಿನಿಂದ ಕರಿ. ಇಸ್ಪೀಟಿನ ರಾಜನ ಹಾಗೆ ಎರಡು ಬಣ್ಣವಾಗಿ ನಿಂತ ಅವರು ಒಂದೇ ಮಾತು ಹೇಳಿದರು.

“ರುದ್ರ್ಯಾ, ಐದ ಗಂಟೆ ಬ್ಯಾಡ. ನಾಕೂವರಿ.”

ಸರಿಯಾಗಿ ಆ ಹೊತ್ತಿಗೆ ಮುಂಡಗೋಡದಿಂದ ಅಡಿವೆಪ್ಪ ಮಗಳೊಡನೆ ಬಂದರು. ಎರಡು ಗಂಟೆಯಾಗಿತ್ತು. ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ, ಹಣೆಯ ತುಂಬ ವಿಭೂತಿ. ಹಿಂದೆ ದ್ರಾಕ್ಷಾಯಣಿ. ಮೆಟ್ಟಿಲ ಬುಡದ ಕುಣಿ, ಕುಣಿಯ ಪಕ್ಕದ ಎರಡು ಬಣ್ಣದ ಅಧ್ಯಕ್ಷರು, ಅವರ ಪಕ್ಕ ಕೈಯಲ್ಲಿ ನೋಟುಬುಕ್ಕು ಹಿಡಿದು ಬೆವರುತ್ತಿದ್ದ ವರ, ಎಲ್ಲವನ್ನೂ ಕ್ರಮವಾಗಿ ನೋಡಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಎಂದು ರುದ್ರೇಶನಿಗೆ ಗೊತ್ತಾಯಿತು. ಆದರೂ ಯಾಕೋ ಅದು ಬೇಸರ ತರಲಿಲ್ಲ.

ಮೇಲೆ ಎಲ್ಲರೂ ಕುಳಿತರು. ಮಾಲವ್ವ ಹೇಳಿದಂತೆಯೇ ನೀರು ತಂದಿಟ್ಟಳು.

“ಮತ್ತ, ಮುಂಜಾನೆ ಎಷ್ಟ ಲೀಟರ್ ಆಗತೈತ್ರಿ?” ಅಡಿವೆಪ್ಪ ರುದ್ರೇಶನನ್ನು ಕೇಳಿದರು.

ಚಹಾ ಇಲ್ಲದ್ದನ್ನು ಹೀಗೆ ಚುಚ್ಚುತ್ತಿದ್ದಾರೆ ಎಂದು ತಿಳಿದ ರುದ್ರೇಶ, “ಅರ್ಧ ಲೀಟರ್ ಸಾಕಾಗತೈತ್ರಿ,” ಎಂದ.

“ಅರ್ಧಾ?” ಅಡಿವೆಪ್ಪ ಹುಬ್ಬೇರಿಸಿದರು. “ಬ್ಯಾಸಗಿ ನೋಡ್ರಿ. ಮೇವಿಂದ ತ್ರಾಸ ಇರಬೇಕು.”

ರುದ್ರೇಶ ತಲೆಯಾಡಿಸಿದ. ಮಾತು ತಿರುಗಿಸಲು ನೀಲಕ್ಕ, “ಬರೂದು ತಡಾ ಆತಲ್ರಿ ಅಡಿವೆಪ್ಪನವ್ರ, ಬಸ್ ಸಿಗ್ಲಿಲ್ಲೇನು?” ಎಂದಳು.

“ಬಸ್ ಸಾಕಷ್ಟು ಇದ್ವು. ಹನ್ನೆರಡರ ತನಕ ನಾನ ಬಿಡ್ಲಿಲ್ಲ. ಶುಕ್ರವಾರ ಹತ್ತೂವರಿಗೆ ರಾಹುಕಾಲ ಹತ್ತತೈತಿ, ಹನ್ನೆರಡಕ್ಕ ಬಿಡತೈತಿ. ಶುಭಕಾರ್ಯಕ್ಕ ಹೊಂಡವ್ರು ನೋಡಬೇಕಾಗತೈತ್ರಿ. ನನಗ ಕ್ಯಾಲೆಂಡರ್ ಬೇಕಿಲ್ಲ, ಬಾಯಿಪಾಠ ಐತಿ. ಮಂಗಳವಾರ ಮೂರಕ್ಕ, ಬುಧವಾರ ಹನ್ನೆರಡಕ್ಕ, ಗುರುವಾರ ಒಂದೂವರಿಗೆ.”

ರುದ್ರೇಶನ ಕೈಯಲ್ಲಿ ನೋಟುಬುಕ್ಕು ತೆರೆದೇ ಇತ್ತು. ಅವನ ಕಣ್ಣು ಹಾಳೆಯ ಮೇಲಿತ್ತು. ಮಂಗಳವಾರ, ಮೂರು ಗಂಟೆ. ಬುಧವಾರ, ಹನ್ನೆರಡು. ಗುರುವಾರ, ಒಂದೂವರೆ. ಅಕ್ಷರ ತನ್ನದೇ, ಓದುತ್ತಿರುವವರು ಅಡಿವೆಪ್ಪ ಎನ್ನಿಸಿತು.

“ಶನಿವಾರ ಯಾವಾಗ್ರಿ?” ಅವನು ಹಾಳೆ ತಿರುವಿದ.

“ಒಂಬತ್ತರಿಂದ ಹತ್ತೂವರಿ.”

ಶನಿವಾರ ಆಫೀಸು ತೆರೆಯುವುದು ಒಂಬತ್ತೂವರೆಗೆ. ಪುಸ್ತಕದಲ್ಲಿ ಒಂಬತ್ತು ಮೂವತ್ತೈದು ಎಂದಿತ್ತು.

“ಸೋಮವಾರ?”

“ಮುಂಜಾನೆ ಏಳೂವರಿಂದ ಒಂಬತ್ತು. ಯಾಕ್ರಿ, ನೀವೂ ನೋಡ್ತೀರೇನು?”

ಅಷ್ಟು ಬೇಗ ಆಫೀಸು ತೆರೆಯುತ್ತಲೇ ಇರಲಿಲ್ಲ. ಸೋಮವಾರ ಒಂದೂ ದಿನ ಫೈಲು ಕೆಟ್ಟಿರಲಿಲ್ಲ. ರುದ್ರೇಶ ಎದ್ದು ನಿಂತ. ಸಂಜೆ ಕ್ಲಾಸಿನ ಇಡೀ ಜೀವನದಲ್ಲಿ ಅವನಿಗೆ ಅಂಥ ಬೆಳಕು ಒಮ್ಮೆಯೂ ಬಿದ್ದಿರಲಿಲ್ಲ.

“ಈ ಆಫೀಸಿನ್ಯಾಗ ರಾಹುಕಾಲ ನೋಡವ್ರು ಯಾರ್ಯಾರದೀರಿ?”

ದ್ಯಾಮಪ್ಪ ಸಾವಕಾರರು ಕೈ ಎತ್ತಿದರು. ಮಾಲವ್ವ ಎತ್ತಿದಳು. ತುಳಸಿರಾಮನೂ ಎತ್ತಿದ. “ಹೊಸಾ ಸಾಮಾನು ನಾ ರಾಹುಕಾಲದಾಗ ಕೂಡ್ಸೂದಿಲ್ಲಣ್ಣ. ವಾರಂಟಿ ನಿಲ್ಲೂದಿಲ್ಲ.” ಅತಿಥಿಯಾದ ಅಡಿವೆಪ್ಪನವರೂ ಕೈ ಎತ್ತಿದರು.

“ಹಂಗಲ್ಲ. ರಾಹುಕಾಲ ಹತ್ತೂ ಹೊತ್ತಿಗೆ ಒಳಕೋಣಿಗೆ ಹೋಗಿ ಸರ್ವರ್ ಮುಟ್ಟವ್ರು ಯಾರು?”

“ಕೇಳೂದಿದ್ರ ನೆಟ್ಟಗ ಕೇಳೋ ತಮ್ಮಾ,” ಎಂದಳು ನೀಲಕ್ಕ. “ನಾನು. ರಿಜಿಸ್ಟರ್ ಮುಚ್ಚಾಕ.”

ಎಲ್ಲರೂ ಅವಳ ಕಡೆ ತಿರುಗಿದರು. ನೀಲಕ್ಕನ ಮುಖದಲ್ಲಿ ಯಾವ ಅಳುಕೂ ಇರಲಿಲ್ಲ.

“ಇಪ್ಪತ್ತೆರಡ ವರ್ಷ ಮಾಡೇನಿ. ರಾಹುಕಾಲದಾಗ ಮದಿವಿ ಹೆಸರು ತಗದು ಇಡಬಾರದು. ಆದ್ರ ದೀಡ ತಾಸ ಆಫೀಸ ಬಂದ್ ಇಟ್ರ ಜೋಯಿಡಾದಿಂದ ಬಂದವ್ರಿಗೆ ಬಸ್ ತಪ್ಪತೈತಿ. ಅದಕ್ಕ, ರಾಹು ಬರೂ ಹೊತ್ತಿಗೆ ಒಮ್ಮಿ ರಿಜಿಸ್ಟರ್ ಮುಚ್ಚಿ, ಮೂರ ಸಲ ಶಿವ ಶಿವ ಅಂದು, ಮತ್ತ ತಗೀತಿದ್ದೆ. ಮುಚ್ಚಿದ್ದ ನೋಡಿ ಅಂವಾ ಮುಂದಿನ ಮನಿಗೆ ಹೋಗ್ತಾನ. ಈ ಡಬ್ಬಿ ಬಂದಾಗ ನೀನ ಹೇಳಿದ್ಯಲ್ಲೋ, ‘ನೀಲಕ್ಕಾ, ಇನ್ನ ಮ್ಯಾಲ ಇದ ನಿಮ್ಮ ರಿಜಿಸ್ಟರ್’ ಅಂತ. ಇದಕ್ಕ ಮುಚ್ಚಳಾ ಎಲ್ಲೈತಿ? ಮೊದಲ ಗ್ವಾಡಿ ಸ್ವಿಚ್ ಆರಿಸಿ ಹಚ್ತಿದ್ದೆ. ಈಗ ಬಾಜೂಕ ಹೊಸಾ ಡಬ್ಬಿ ಕೂಡ್ಸೀರಲ್ಲ, ಅದರ ಹಸರ ಗುಂಡಿ ಒತ್ತಿದ್ರ ಎಲ್ಲಾ ಮುಚ್ಚತೈತಿ. ಮೂರ ಸಲ ಶಿವ ಶಿವ. ಮತ್ತ ಒತ್ತಿದ್ರ ತಗೀತೈತಿ. ಹೋದಾಗೊಂದ ತಂಬಗಿ ನೀರೂ ತರ್ತೇನಿ.”

“ಎಂಟ ತಿಂಗಳಿಂದ ನಾ ಕಾರಣಾ ಹುಡುಕಾಕತ್ತೇನಿ ನೀಲಕ್ಕಾ. ಹೇಳಬಾರದಿತ್ತೇನು?”

“ಎಲ್ಲಾರನೂ ಕೇಳಿದಿ. ಗಿರಣಿ ಕೇಳಿದಿ, ಕೆಟಲ್ ಕೇಳಿದಿ. ನನ್ನ ಯಾವತ್ತರ ಕೇಳಿದ್ಯೇನು? ನೀಲಕ್ಕಗ ಕಂಪ್ಯೂಟರ್ ಏನ್ ತಿಳೀತೈತಿ ಅಂತ ಬಿಟ್ಟಿ.”

ತುಳಸಿರಾಮ ಸದ್ದಿಲ್ಲದೆ ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬತೊಡಗಿದ.

ದ್ಯಾಮಪ್ಪ ಸಾವಕಾರರು ಬೈಯಲು ಬಾಯಿ ತೆರೆದರು. ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ನೀಲಕ್ಕನನ್ನು ಬೈದರೆ ರಾಹುಕಾಲವನ್ನು ಬೈದಂತೆ, ರಾಹುಕಾಲವನ್ನು ಬೈಯುವ ಧೈರ್ಯ ಅವರ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಬಾಯಿ ತೆರೆದೇ ಉಳಿಯಿತು. ಆಗ ರುದ್ರೇಶನೇ ದಾರಿ ತೋರಿಸಿದ.

“ನೀಲಕ್ಕಾ, ಹಳೇ ಕಾಗದದ ರಿಜಿಸ್ಟರ್ ಇನ್ನೂ ಟ್ರಂಕಿನ್ಯಾಗ ಐತಲ್ಲ? ಅದನ್ನ ನಿಮ್ಮ ಟೇಬಲ್ ಮ್ಯಾಲ ಇಡೂಣು. ದಿನಾ ಅದನ್ನ ಮುಚ್ಚಿ ತಗೀರಿ. ಆರನೂರಾ ಹನ್ನೆರಡ ಮಂದೀದೂ ಅದ ಮೂಲ. ತಾಯಿಬೇರಿಗೆ ನೀರ ಹಾಕಿದ್ರ ಟೊಂಗಿಗೆ ಮುಟ್ಟತೈತಲ್ರಿ.”

ನೀಲಕ್ಕ ಒಂದು ಗಳಿಗೆ ಯೋಚಿಸಿದಳು. “ಇದ ಮಾತ ಎಂಟ ತಿಂಗಳ ಹಿಂದ ಹೇಳಿದ್ರ ಮುಗೀತಿತ್ತು,” ಎಂದು ಒಪ್ಪಿದಳು.

“ಹುಡುಗ ಶಾಣ್ಯಾ ಅದಾನ,” ಎಂದರು ಅಡಿವೆಪ್ಪ ದೊಡ್ಡ ದನಿಯಲ್ಲಿ. “ಹಿರ್ಯಾರ ಮನಸ್ಸು ನೋಯ್ಲಿಲ್ಲ, ರಾಹೂನೂ ನೋಯ್ಲಿಲ್ಲ.” ಮಾಲವ್ವ ಎದ್ದು ಕೆಟಲ್ ಹಚ್ಚಿದಳು. ಆ ದಿನದಲ್ಲಿ ರುದ್ರೇಶ ಹತ್ತಿದ ಅತ್ಯಂತ ಎತ್ತರದ ಮೆಟ್ಟಿಲು ಅದು.

ಇನ್ನುಳಿದದ್ದು ಪಟ್ಟಿ. ಎರಡು ತಿಂಗಳ ಹಿಂದೆ ಪ್ರತ್ಯೇಕ ತೆಗೆದಿಟ್ಟ ಫೈಲಿನ ನಕಲೊಂದು ಇತ್ತು. ಅದರಲ್ಲಿ ನಾನೂರರಿಂದ ನಾನೂರೈವತ್ತರವರೆಗಿನ ಸಾಲುಗಳು ಮಾತ್ರ ಅನುಮಾನದವು. ಹೊಸದಾಗಿ ಸೇರಿದವರ ಅರ್ಜಿ ಒಂದು ಹಿಡಿಯಷ್ಟು. ನೀಲಕ್ಕ ಯಾವುದನ್ನೂ ಎಸೆಯುವವಳಲ್ಲವಾದ್ದರಿಂದ ಜನ ಕೈಯಾರೆ ಬರೆದುಕೊಟ್ಟ ಅರ್ಜಿಗಳೆಲ್ಲ ಟ್ರಂಕಿನಲ್ಲಿದ್ದವು. ಒಬ್ಬರು ಓದಿ ಹೇಳಿದರೆ ನಾಲ್ಕೂವರೆಯೊಳಗೆ ಮುಗಿಯುತ್ತಿತ್ತು.

“ನಾ ಓದ್ತೇನ್ರಿ,” ಎಂದಳು ದ್ರಾಕ್ಷಾಯಣಿ. ಬಂದಮೇಲೆ ಅವಳು ಆಡಿದ ಮೊದಲ ಮಾತು.

ಮುಂದಿನ ಒಂದೂವರೆ ತಾಸು ರುದ್ರೇಶನ ಬದುಕಿನಲ್ಲಿ ಬೇರೆಯೇ ಬಣ್ಣದ್ದು. ಅವಳು ಓದುತ್ತಿದ್ದಳು, ಅವನು ಒತ್ತುತ್ತಿದ್ದ. ಹೆಸರು, ಊರು, ವಯಸ್ಸು, ನಕ್ಷತ್ರ, ಉದ್ಯೋಗ, ಜಾನುವಾರು. ನಡುನಡುವೆ ಅವಳು ಮೆಲ್ಲಗೆ ಟಿಪ್ಪಣಿ ಸೇರಿಸುತ್ತಿದ್ದಳು. “ಇವ್ರು ವಯಸ್ಸ ಬರೆದು, ಹೊಡೆದು, ಮತ್ತ ಬರದಾರ. ಯಾವುದ ಹಾಕ್ತೀರಿ?” “ಹೊಡದಿದ್ದ ಖರೇ ಇರತೈತ್ರಿ.” ಅವಳು ನಕ್ಕಳು. ಅವನಿಗೆ ಒಂದೂ ಅಕ್ಷರ ತಪ್ಪಲಿಲ್ಲ.

“ಒಂದ ಮಾತ ಹೇಳ್ಲಿ?” ನಾನೂರಾ ಹತ್ತರ ಹೊತ್ತಿಗೆ ಅವಳು ದನಿ ತಗ್ಗಿಸಿದಳು. “ನನಗ ಎಮ್ಮಿ ಅಂದ್ರ ಭಾಳ ಅಂಜಿಕಿ. ಸಣ್ಣಾಕಿದ್ದಾಗ ಒಂದು ಹಾಯ್ದಿತ್ತು. ನಿಮ್ಮನ್ಯಾಗ ಎಂಟ ಅದಾವಂತ ಕೇಳಿ ಮೂರ ವಾರ ನಿದ್ದಿ ಮಾಡಿಲ್ಲ.”

“ನಮ್ಮನ್ಯಾಗ?”

ಅವಳು ಮುಂದಿನ ಅರ್ಜಿ ಕೈಗೆತ್ತಿಕೊಂಡಿದ್ದಳು. ಓದತೊಡಗಿದವಳು ನಿಧಾನವಾದಳು.

“ನಾನೂರಾ ಹದಿನೇಳು. ರುದ್ರೇಶ. ನಕ್ಷತ್ರ… ಆಶ್ಲೇಷಾ. ಜಾನುವಾರು, ಇಲ್ಲ.”

ಅವಳು ಅದರ ಕೆಳಗಿನ ಅರ್ಜಿ ನೋಡಿದಳು. ನಾನೂರಾ ಹದಿನೆಂಟು, ವೀರೇಶ, ತತ್ವಣಗಿ. ರೋಹಿಣಿ ನಕ್ಷತ್ರ. ಎಂಟು ಎಮ್ಮೆ.

ಫೈಲು ಕೆಟ್ಟ ಯಾವುದೋ ಮಂಗಳವಾರವೋ ಗುರುವಾರವೋ, ವೀರೇಶನ ನಕ್ಷತ್ರ ಮತ್ತು ಎಂಟೂ ಎಮ್ಮೆಗಳು ಒಂದು ಸಾಲು ದಾಟಿ ರುದ್ರೇಶನ ಅಂಗಳಕ್ಕೆ ಬಂದು ನಿಂತಿದ್ದವು. ಅವುಗಳ ಹಿಂದೆ ದ್ರಾಕ್ಷಾಯಣಿ ಬಂದಿದ್ದಳು. ಅಡಿವೆಪ್ಪನವರ ಲೀಟರಿನ ಪ್ರಶ್ನೆ ರುದ್ರೇಶನಿಗೆ ಈಗ ತಿಳಿಯಿತು.

“ಇದ್ದಂಗ ಬಿಡ್ತೀರೇನು?” ದ್ರಾಕ್ಷಾಯಣಿ ಕೇಳಿದಳು. ಅವಳ ದನಿ ಎಷ್ಟು ಸಣ್ಣದಿತ್ತೆಂದರೆ ಫ್ಯಾನಿಗೂ ಕೇಳುತ್ತಿರಲಿಲ್ಲ. “ಎಮ್ಮಿ ಇಲ್ಲಂದ್ರ ನನಗೇನೂ ತಕರಾರಿಲ್ಲ.”

ರುದ್ರೇಶನ ಬೆರಳು ಕೀಲಿಯ ಮೇಲೆ ಬಹಳ ಹೊತ್ತು ನಿಂತಿತು. ತಪ್ಪಾದ ಒಂದು ಸಾಲಿನಿಂದ ಕಂಡಕ್ಟರ ಹೆಂಡತಿ ಇವತ್ತಿಗೂ ಬೈಯುತ್ತಿದ್ದಾಳೆ. ಗೊತ್ತಿದ್ದೂ ತಪ್ಪು ಬಿಟ್ಟರೆ ಇಡೀ ಆಯುಷ್ಯ ರಾತ್ರಿ ಎದ್ದು ಕೀಲಿ ಜಗ್ಗಿ ನೋಡಬೇಕಾಗುತ್ತದೆ. ಅವನು ಆಶ್ಲೇಷಾ ಎಂದು ಒತ್ತಿದ. ಜಾನುವಾರು, ಇಲ್ಲ.

ನಾಲ್ಕು ಇಪ್ಪತ್ತಕ್ಕೆ ಪಟ್ಟಿ ಪ್ರಿಂಟಾಯಿತು. ಎಂಟು ತಿಂಗಳಲ್ಲಿ ಅಷ್ಟು ಶುದ್ಧವಾದ ಪಟ್ಟಿ ಆ ಯಂತ್ರದಿಂದ ಬಂದಿರಲಿಲ್ಲ. ಅಡಿವೆಪ್ಪ ಕನ್ನಡಕ ಹಾಕಿಕೊಂಡು ಅಳಿಯನಾಗುವವನ ಸಾಲನ್ನು ಅಭಿಮಾನದಿಂದ ಹುಡುಕಿದರು, ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು. ರುದ್ರೇಶ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ.

“ಎಮ್ಮಿ ಮಾತ ಬಿಡ್ರಿ,” ಎಂದರು ಅಡಿವೆಪ್ಪ ಕೊನೆಗೆ, ದೊಡ್ಡ ಮನಸ್ಸಿನಿಂದ. “ಎಮ್ಮಿ ಕೊಳ್ಳಾಕ ಬರತೈತಿ. ಆಶ್ಲೇಷಾ ಅಂದ್ರ ಹೆಣ್ಣ ಕೊಟ್ಟ ಅತ್ತಿಗೆ ಆಗಿಬರೂದಿಲ್ಲ ಅಂತಾರ. ನಮ್ಮಾಕಿ ಇನ್ನೂ ಗಟ್ಟಿ ಅದಾಳ. ಗಟ್ಟಿ ಇರ್ಲಿ ಅಂತೇನಿ. ನಿಮ್ಮಂಥಾ ಪ್ರಾಮಾಣಿಕ ಹುಡುಗ ಸಿಗೂದಿಲ್ರಿ. ಆ ನಾನೂರಾ ಹದಿನೆಂಟರಾಂವನ ಫೋನ್ ನಂಬರ್ ಒಂದಿಟು ಬರಕೊಡ್ರಿ.”

ರುದ್ರೇಶ ಬರೆದುಕೊಟ್ಟ. ಅಂಕಿ ಸರಿಯಿವೆಯೇ ಎಂದು ಎರಡು ಸಲ ನೋಡಿಯೇ ಕೊಟ್ಟ. ಮೆಟ್ಟಿಲಿಳಿಯುವಾಗ ದ್ರಾಕ್ಷಾಯಣಿ ಒಮ್ಮೆ ತಿರುಗಿ ನೋಡಿದಳು. ಎಂಟು ಎಮ್ಮೆಗಳು ಎದುರು ನಿಂತಂತಿತ್ತು ಅವಳ ಮುಖ.

ಸಮಾವೇಶ ಚೆನ್ನಾಗಿ ನಡೆಯಿತು. ರುದ್ರೇಶನ ಕುರ್ಚಿ ಉಳಿಯಿತು. ಮರುವಾರ ಮಂಗಳವಾರ ಮೂರು ಗಂಟೆ ದಾಟಿತು, ಬುಧವಾರ ಹನ್ನೆರಡು ದಾಟಿತು, ಗುರುವಾರ ಒಂದೂವರೆ ದಾಟಿತು. ನೀಲಕ್ಕ ಟೇಬಲ್ಲಿನ ಮೇಲಿನ ಹಳೆಯ ರಿಜಿಸ್ಟರನ್ನು ಮುಚ್ಚಿ ತೆರೆಯುತ್ತಿದ್ದಳು, ಸರ್ವರು ಬಂಡೆಯಂತೆ ನಿಂತಿತ್ತು. ವೀರೇಶನ ಮನೆಯವರು ಐತವಾರ ಮುಂಡಗೋಡಕ್ಕೆ ಹೋಗುತ್ತಾರೆ ಎಂಬ ಸುದ್ದಿಯೂ ಬಂತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಸರ್ವರ್ ಸತ್ತಿತು.

ಮಾಲವ್ವ ನೀಲಕ್ಕನನ್ನು ನೋಡಿದಳು. ನೀಲಕ್ಕ ರಿಜಿಸ್ಟರಿನ ಮೇಲಿದ್ದ ಎರಡೂ ಕೈ ಎತ್ತಿ ತೋರಿಸಿದಳು. ಆಮೇಲೆ ರುದ್ರೇಶನ ಖಾಲಿ ಕುರ್ಚಿ ನೋಡಿ, ಎದ್ದು ಒಳಕೋಣೆಗೆ ಹೋದಳು.

ರುದ್ರೇಶ ಯುಪಿಎಸ್ಸಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಬೆರಳು ಹಸಿರು ಗುಂಡಿಯ ಮೇಲಿತ್ತು. ಪಕ್ಕದಲ್ಲಿ, ಏನಾದರೂ ಆದೀತೆಂದು ಮೊದಲೇ ತೆಗೆದಿಟ್ಟುಕೊಂಡ ಫೈಲಿನ ಎರಡು ನಕಲುಗಳಿದ್ದವು. ನೀಲಕ್ಕನನ್ನು ಕಂಡು ಅವನ ಕಿವಿಯವರೆಗೂ ರಕ್ತ ಏರಿತು.

ನೀಲಕ್ಕ ಬೈಯಲಿಲ್ಲ. ಬಾಗಿಲು ಮುಂದೆ ಮಾಡಿ, ಅವನ ಪಕ್ಕ ಬಂದು ನಿಂತಳು.

“ಬರೇ ಒತ್ತಿದ್ರ ಆಗೂದಿಲ್ಲೋ ತಮ್ಮಾ. ಮೂರ ಸಲ ಶಿವ ಶಿವ ಅನಬೇಕು.”

ಇಬ್ಬರೂ ಅಂದರು. ಸರ್ವರ್ ಮತ್ತೆ ಬದುಕಿತು, ಫೈಲು ಎಂದಿನಂತೆ ಕೆಟ್ಟಿತ್ತು. ರುದ್ರೇಶ ದುರಸ್ತಿ ಮಾಡಿದ, ನಾನೂರಾ ಹದಿನೇಳಕ್ಕೆ ಹೊಂದುವ ವಧುವನ್ನು ಕೇಳಿದ. ಎಂಟು ತಿಂಗಳಲ್ಲಿ ಮೊದಲ ಸಲ ಪ್ರಿಂಟರು ತಡಮಾಡದೆ ಒಂದು ಹಾಳೆಯನ್ನು ಹೊರಗೆ ಹಾಕಿತು. ನೀಲಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು.

ವಧು: ವೀರೇಶ, ತತ್ವಣಗಿ. ರೋಹಿಣಿ ನಕ್ಷತ್ರ. ಎಲ್ಲ ಗುಣಗಳೂ ಕೂಡಿವೆ.

ರುದ್ರೇಶ ಗೋಡೆಗೆ ಒರಗಿ ಕುಳಿತ. ನೀಲಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಕಿಸೆಯಲ್ಲಿಟ್ಟು, ಬೆನ್ನು ಸವರಿದಳು.

“ಇರ್ಲಿ ಬಿಡೋ,” ಎಂದಳು. “ಎಮ್ಮಿ ಅಂತೂ ಬಂದ್ವು.”